ಮಾತಿನ ಹೊರಗೆರೆ

ನನ್ನ ಮಗಳಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ಮಗುವಿಗೆ ಆಗ ಎಂಟು ತಿಂಗಳು. ನಾನು ತೆಲಂಗಾಣದ ಗದ್ವಾಲಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಹೆಂಡತಿಯ ತವರೂ ಗದ್ವಾಲ್. ಅವಳ ಮನೆಮಾತು ತೆಲುಗು. ಅಪ್ಪ ತೀರಿಕೊಂಡ ಮೇಲೆ ನಾರಾಯಣಪೇಟೆಯ ನಮ್ಮ ಕಿರಾಣಿ ಅಂಗಡಿಗೆ ಬೀಗ ಹಾಕಿಸಿ ಅವ್ವನನ್ನು ನಾನೇ ಕರೆದುಕೊಂಡು ಬಂದಿದ್ದೆ. ಅವ್ವ ಹುಟ್ಟಿದ್ದು ಮಕ್ತಲ್ ಆಚೆ, ರಾಯಚೂರಿನ ದಾರಿಯ ಒಂದು ಹಳ್ಳಿಯಲ್ಲಿ. ತೆಲುಗು ಅವಳಿಗೆ ತಿಳಿಯದೆ ಇರಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು, ಬಸ್ಸಿನಲ್ಲಿ ಸೀಟಿಗೆ ಜಗಳ ಆಡುವಷ್ಟು ಇತ್ತು. ಮಗುವನ್ನು ಆಡಿಸುವಷ್ಟು ಇರಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಡಿದಳು. ಮಗು ತಿರುಗಲಿಲ್ಲ. ಮತ್ತೆ ಬಡಿದಳು. ಮಗು ತನ್ನ ಕಾಲಬೆರಳನ್ನು ಬಾಯಿಗೆ ಎಳೆದುಕೊಳ್ಳುವುದರಲ್ಲೇ ಇತ್ತು.

"ಇದಕ್ಕೆ ಕೇಳಿಸುತ್ತಿಲ್ಲ," ಎಂದಳು ತೆಲುಗಿನಲ್ಲಿ.

ಹಾಸಿಗೆ ಮಡಚುತ್ತಿದ್ದ ಅವ್ವ ನನ್ನನ್ನು ತೋರಿಸುತ್ತ ಅಲ್ಲಿಂದಲೇ ಗದರಿದಳು. "ಬಿಡ್ತು ಅನ್ನು. ಕೂಸಿಗೆ ಹಂಗ ಅನ್ನಬಾರ್ದು. ಇಂವ ಬಾಯಿ ಬಿಟ್ಟಿದ್ದು ಮೂರು ವರ್ಷಕ್ಕ. ನಮ್ಮ ಮನಿತನದಾಗ ಎಲ್ಲಾರದೂ ತಡಾನ."

ಇಬ್ಬರೂ ನನ್ನ ಮುಖ ನೋಡಿದರು. ತೀರ್ಪು ನಾನು ಹೇಳಬೇಕಿತ್ತು. ಯಾಕೆಂದರೆ ಆ ಮನೆಯಲ್ಲಿ ಮಾತನ್ನೇ ಓದಿದವನು ನಾನು.

ಹೈದರಾಬಾದಿನಲ್ಲಿ ಎಂ.ಟೆಕ್ ಮಾಡುವಾಗ ನಾನು ಬರೆದ ಪ್ರಬಂಧ ಮಾತಿನ ಅಲೆಗಳ ಕುರಿತದ್ದು. ಮಾತು ಎಂದರೆ ಗಾಳಿಯ ನಡುಕ ಅಷ್ಟೇ. ಅದನ್ನು ಕಂಪ್ಯೂಟರಿನ ಪರದೆಯ ಮೇಲೆ ಬಿಡಿಸಿ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಅಲೆಗಳ ತುದಿಗಳನ್ನೆಲ್ಲ ಮುಟ್ಟಿಸುತ್ತ ಒಂದು ಗೆರೆ ಎಳೆದರೆ ದನಿ ಎಲ್ಲಿ ಜೋರಾಯಿತು, ಎಲ್ಲಿ ಸಣ್ಣದಾಯಿತು ಎಂಬುದು ಗೊತ್ತಾಗುತ್ತದೆ. ಅದು ಮಾತಿನ ಹೊರಗೆರೆ, ಪಾಠದಲ್ಲಿ ಎನ್ವಲಪ್ ಎನ್ನುತ್ತೇವೆ. ಆ ಗೆರೆಯ ಒಳಗೆ ಅಲೆ ಒಂದೊಂದು ಕ್ಷಣಕ್ಕೂ ಎಷ್ಟು ಬಿರುಸಾಗಿ ನಡುಗುತ್ತಿದೆ ಎಂಬುದು ಎರಡನೆಯದು, ಆ ಕ್ಷಣದ ಆವೃತ್ತಿ. ಇವೆರಡನ್ನು ಬಿಡಿಸಿ ಬೇರೆ ಬೇರೆಯಾಗಿ ಅಂದಾಜು ಮಾಡುವ ಒಂದು ವಿಧಾನವನ್ನು ನಾನು ಕಟ್ಟಿದ್ದೆ. ಪರೀಕ್ಷೆಗೆ ಒಂದು ಹೆಂಗಸಿನ ದನಿ ಬೇಕಾಗಿತ್ತು. ರಜೆಗೆ ನಾರಾಯಣಪೇಟೆಗೆ ಹೋದಾಗ ಅವ್ವನನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಮೈಕಿನ ಮುಂದೆ ಏನಾದರೂ ಹೇಳು ಎಂದಿದ್ದೆ. ಅವಳು ಜೋಳದ ರೊಟ್ಟಿಗೆ ಹಿಟ್ಟು ನಾದುವುದು ಹೇಗೆ ಎಂದು ಹತ್ತು ನಿಮಿಷ ಹೇಳಿದ್ದಳು.

ನನ್ನ ಗೈಡು ಅದನ್ನು ಕೇಳಿ ಮೂಗು ಮುರಿದರು. ಇದು ಯಾವ ಭಾಷೆ, ಕನ್ನಡವೂ ಅಲ್ಲ ತೆಲುಗೂ ಅಲ್ಲ, ಎಲ್ಲರೂ ಬಳಸುವ ಇಂಗ್ಲಿಷ್ ವಾಕ್ಯಗಳನ್ನೇ ತೆಗೆದುಕೊ ಎಂದರು. ತೆಗೆದುಕೊಂಡೆ. ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ದನಿ ಪೂರ್ತಿ ಅಡಗಿ ಹೊರಗೆರೆ ಸೊನ್ನೆಗೆ ಇಳಿದ ಕಡೆ ನಿನ್ನ ಆವೃತ್ತಿಯ ಲೆಕ್ಕ ಹುಚ್ಚುಹುಚ್ಚಾಗಿ ನೆಗೆಯುತ್ತದಲ್ಲ, ಅಲ್ಲಿ ಏನು ಮಾಡುತ್ತೀ? ಅಂಥ ಜಾಗಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಸಾರ್, ಬಿಟ್ಟುಬಿಡುತ್ತೇನೆ ಎಂದೆ. ಅವರು ತಲೆಯಾಡಿಸಿ ಸಹಿ ಹಾಕಿದರು.

ಇಷ್ಟು ಓದಿದ್ದವನು ಮಗಳ ಕಿವಿಯನ್ನು ನಾನೇ ಪರೀಕ್ಷಿಸುತ್ತೇನೆಂದು ಹೊರಟೆ. ಲ್ಯಾಪ್‌ಟಾಪಿಗೆ ದೊಡ್ಡ ಸ್ಪೀಕರ್ ಜೋಡಿಸಿ, ಮಗುವಿಗೆ ಕಾಣದಂತೆ ಕುರ್ಚಿಯ ಹಿಂದೆ ನೆಲದ ಮೇಲಿಟ್ಟು, ದಪ್ಪ ದನಿಯಿಂದ ಶುರುಮಾಡಿ ಒಂದೊಂದಾಗಿ ಕೇಳಿಸಿದೆ. ಮಗು ಕೂತಲ್ಲೇ ಬೆಚ್ಚಿ ತಿರುಗಿತು. ಎರಡನೆಯ ಸಲವೂ ತಿರುಗಿತು. ಅವ್ವ ಚಪ್ಪಾಳೆ ತಟ್ಟಿದಳು. "ನೋಡಿದ್ಯಾ? ನಾ ಹೇಳಿಲ್ಲೇನು?" ತೆಳು ದನಿಗಳಿಗೆ ಮಗು ತಿರುಗದಿದ್ದಾಗ, ಆಟದಲ್ಲಿ ಬೇಸರ ಬಂದಿರಬೇಕು ಎಂದುಕೊಂಡೆ. ಹೆಂಡತಿಗೆ, "ಕೇಳಿಸುತ್ತದೆ. ಸುಮ್ಮನೆ ಹೆದರಬೇಡ," ಎಂದೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ನಮ್ಮ ಮನೆಯ ನೆಲಕ್ಕೆ ಹಾಸಿದ್ದು ಕಲ್ಲು ಬಂಡೆ. ಸ್ಪೀಕರಿನ ದಪ್ಪ ದನಿ ಬಂಡೆಯಲ್ಲಿ ಹಾಯ್ದು ಮಗುವಿನ ತೊಡೆಗೆ ಮುಟ್ಟುತ್ತಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಮಗು ಕೇಳುತ್ತಿರಲಿಲ್ಲ, ನಡುಕಕ್ಕೆ ಬೆಚ್ಚುತ್ತಿತ್ತು. ಮೊದಲ ವರ್ಷದ ಡಿಪ್ಲೊಮಾ ಹುಡುಗರು ಇಂಥ ತಪ್ಪು ಮಾಡಿದರೆ ನಾನು ಅವರನ್ನು ಎಬ್ಬಿಸಿ ನಿಲ್ಲಿಸಿ ಬೈಯುತ್ತಿದ್ದೆ.

ಮಗಳಿಗೆ ಎರಡೂವರೆ ವರ್ಷ ತುಂಬಿದರೂ ಒಂದು ಮಾತು ಹೊರಡದಿದ್ದಾಗ ಹೆಂಡತಿ ನನ್ನನ್ನು ಕೇಳದೆ ತನ್ನ ತಮ್ಮನ ಜೊತೆ ಹೈದರಾಬಾದಿಗೆ ಹೊರಟಳು. ಹಿಂದೆಯೇ ನಾನೂ ಓಡಿದೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಗುವನ್ನು ನಿದ್ದೆ ಮಾಡಿಸಿ ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಹುಟ್ಟಿನಿಂದಲೇ ಕೇಳಿಸುತ್ತಿಲ್ಲ, ಕಿವಿಗೆ ಹಾಕುವ ಸಾಮಾನ್ಯ ಯಂತ್ರದಿಂದ ಪ್ರಯೋಜನವಿಲ್ಲ, ಒಳಗಿವಿಯಲ್ಲಿ ತಂತಿ ಕೂರಿಸುವ ಆಪರೇಷನ್ ಆಗಬೇಕು ಎಂದರು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದೂ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಜಡ್ಚರ್ಲ ದಾಟಿದ ಮೇಲೆ ಒಂದೇ ಮಾತು ಕೇಳಿದಳು. "ನಿಮ್ಮ ಲ್ಯಾಪ್‌ಟಾಪ್ ಈಗ ಏನನ್ನುತ್ತದೆ?"

ಮನೆಗೆ ಬಂದ ಮೇಲೆ ಅವ್ವನಿಗೂ ಪಾಲು ಸಿಕ್ಕಿತು. ನಿಮ್ಮ ಮನೆತನದ ತಡವನ್ನು ನಂಬಿ ನನ್ನ ಮಗುವಿನ ಎರಡು ವರ್ಷ ಹೋಯಿತು ಎಂದು ಹೆಂಡತಿ ನಿಂತಲ್ಲೇ ನಿಂತು ಹೇಳಿದಳು. ಅವ್ವ ಹಿತ್ತಲಿಗೆ ಹೋಗಿ ಒಗೆದ ಬಟ್ಟೆಗಳನ್ನೇ ಇನ್ನೊಮ್ಮೆ ಒಗೆದಳು.

ಮೂರು ತುಂಬುವ ಹೊತ್ತಿಗೆ ಆಪರೇಷನ್ ಆಯಿತು. ಆ ಯಂತ್ರ ಏನು ಮಾಡುತ್ತದೆ ಎಂದು ಡಾಕ್ಟರು ಚಿತ್ರ ಬರೆದು ವಿವರಿಸಿದರು. ಕಿವಿಯ ಹಿಂದಿನ ಡಬ್ಬಿ ಮಾತನ್ನು ಹಿಡಿದು ಕೆಲವು ಪಟ್ಟಿಗಳಾಗಿ ಸೀಳುತ್ತದೆ. ಒಂದೊಂದು ಪಟ್ಟಿಯ ಹೊರಗೆರೆಯನ್ನು ಮಾತ್ರ ತೆಗೆದುಕೊಂಡು, ಅದರ ಏರಿಳಿತದಂತೆ ಒಳಗಿನ ತಂತಿಗೆ ವಿದ್ಯುತ್ತಿನ ಮಿಡಿತ ಕಳಿಸುತ್ತದೆ. ಒಳಗಿನ ಸೂಕ್ಷ್ಮ ನಡುಕವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ನಾನು ಎರಡು ವರ್ಷ ಕೂತು ಬೇರೆ ಮಾಡಿದ್ದ ಎರಡರಲ್ಲಿ ನನ್ನ ಮಗಳಿಗೆ ಒಂದೇ ಸಿಗುವುದಿತ್ತು.

"ಮಾತು ಅರ್ಥವಾಗಲು ಅಷ್ಟು ಸಾಕು," ಎಂದರು ಡಾಕ್ಟರು. ಅದು ನಿಜವೇ. ಪುಸ್ತಕದಲ್ಲೂ ಹಾಗೇ ಇತ್ತು.

ಆ ವಾರ ನಾನೊಂದು ಕೆಲಸ ಮಾಡಿದೆ, ಮಾಡಬಾರದಿತ್ತು. ಹಳೆಯ ಹಾರ್ಡ್‌ಡಿಸ್ಕಿನಿಂದ ಅವ್ವನ ರೊಟ್ಟಿಯ ಮಾತನ್ನು ಹುಡುಕಿ ತೆಗೆದೆ. ಹೊರಗೆರೆಗಳನ್ನು ಹಾಗೇ ಇಟ್ಟುಕೊಂಡು, ಒಳಗಿನ ನಡುಕವನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಬರೀ ಗೊರಗೊರ ಸದ್ದು ತುಂಬಿದೆ. ಯಂತ್ರದಿಂದ ಕೇಳುವವರಿಗೆ ಮಾತು ಸುಮಾರಾಗಿ ಹೀಗಿರುತ್ತದೆ ಎಂದು ಪಾಠದಲ್ಲಿ ತೋರಿಸುವ ಕ್ರಮ ಇದು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಿಟ್ಟು, ಬಿಸಿನೀರು, ನಾದಬೇಕು, ಎಲ್ಲ ಪದವೂ ತಿಳಿಯುತ್ತಿತ್ತು. ಗಂಟಲು ಕಟ್ಟಿದ ಯಾರೋ ಕಿವಿಯಲ್ಲಿ ಪಿಸುಗುಟ್ಟಿದಂತಿತ್ತು. ಅವ್ವ ಮಾತ್ರ ಅದರಲ್ಲಿ ಇರಲಿಲ್ಲ.

ಅವ್ವ ಹಿಂದಿನಿಂದ ಬಂದು ನಿಂತಿದ್ದಳು. "ಏನ್ ಕೇಳಾಕತ್ತೀ? ನನಗೂ ಹಚ್ಚು." ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಸ್ವಲ್ಪ ಹೊತ್ತು ಕೇಳಿ, "ಯಾರೋ ಇಕಿ? ಪಾಪ, ದನಿನ ಬಿದ್ದು ಹೋಗೇತಿ," ಎಂದಳು. ಯಾರೋ ಒಬ್ಬಾಕಿ ಎಂದೆ.

ಯಂತ್ರ ಚಾಲೂ ಮಾಡಿದ ದಿನ ಮಗಳು ಹೆದರಿ ಕಿರುಚಿದಳು. ಅದೂ ಒಳ್ಳೆಯದೇ ಎಂದರು. ಆಮೇಲೆ ಮಹಬೂಬನಗರದಲ್ಲಿ ಮಾತು ಕಲಿಸುವ ಒಂದು ಕೇಂದ್ರಕ್ಕೆ ವಾರಕ್ಕೆರಡು ಸಲ ಹೋಗಬೇಕಾಯಿತು. ಅಲ್ಲಿ ಕಲಿಸುತ್ತಿದ್ದ ಹೆಂಗಸು ವಯಸ್ಸಾದವರು, ಒಳ್ಳೆಯವರು. ನನ್ನ ಮಗಳ ಎದುರು ನೆಲದ ಮೇಲೆ ಕೂತು ಒಂದೇ ಪದವನ್ನು ನೂರು ಸಲ ಹೇಳುತ್ತಿದ್ದರು. ಮೊದಲ ದಿನವೇ ಅವರು ಕೇಳಿದರು: ಮನೆಯಲ್ಲಿ ಯಾವ ಭಾಷೆ? ನಾನು ಎರಡು ಎಂದೆ.

"ಎರಡು ಆಗುವುದಿಲ್ಲ ಸಾರ್. ಇಂಥ ಮಕ್ಕಳಿಗೆ ಗೊಂದಲ ಆಗುತ್ತದೆ. ಒಂದು ಆರಿಸಿಕೊಳ್ಳಿ. ಇನ್ನೊಂದು ಅದರ ಕಿವಿಗೆ ಬೀಳಲೇಬಾರದು."

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಶಾಲೆ ತೆಲುಗಿನದು, ಊರು ತೆಲುಗಿನದು, ತಾಯಿ ತೆಲುಗಿನವಳು. ಆರಿಸುವುದಕ್ಕೆ ಏನಿತ್ತು? ಆದರೂ ಒಂದು ಪ್ರಶ್ನೆ ಕೇಳಬಹುದಿತ್ತು. ಹಾಗೆಂದು ಯಾರು ಹೇಳಿದರು, ಎಲ್ಲಿ ನೋಡಿದಿರಿ, ಎಷ್ಟು ಮಕ್ಕಳಲ್ಲಿ? ಬೇರೆಯವರ ಪ್ರಬಂಧಗಳಿಗೆಲ್ಲ ನಾನು ಕೇಳುವ ಪ್ರಶ್ನೆಗಳೇ ಅವು. ಕೇಳಲಿಲ್ಲ. ಒಮ್ಮೆ ನೆಲದ ಬಂಡೆಯಿಂದ ಮೋಸಹೋದವನಿಗೆ ಬಾಯಿ ಎಲ್ಲಿತ್ತು?

ಅವ್ವನಿಗೆ ನಾನೇ ಹೇಳಬೇಕಾಯಿತು. ಅವಳು ವರಾಂಡದಲ್ಲಿ ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಕಾಳು ಹೆಕ್ಕುತ್ತಿದ್ದಳು. ಮಗಳನ್ನು ಒಳಗೆ ಕಳಿಸಿ ಕೂತೆ.

"ಅವ್ವಾ, ಇನ್ನ ಮ್ಯಾಲ ಆಕಿ ಜೋಡಿ ಕನ್ನಡದಾಗ ಮಾತಾಡಬ್ಯಾಡ. ತೆಲುಗಿನಾಗ ಮಾತಾಡು."

"ನನಗ ಅಷ್ಟು ಬರಂಗಿಲ್ಲಲ್ಲೋ ತಮ್ಮಾ."

"ಬಂದಷ್ಟು ಮಾತಾಡು."

"ಉಳಿದಿದ್ದು?"

ಅವಳು ಮೊರವನ್ನು ಕೆಳಗಿಟ್ಟಳು. "ನಿನ್ನ ಜೋಡಿ ಆದ್ರೂ ಮಾತಾಡಬಹುದಿಲ್ಲೋ?"

"ಆಕಿ ಮುಂದ ಬ್ಯಾಡ. ಆಕಿ ಕೇಳಿಸ್ಕೋತಾಳ."

"ಕೇಳಿಸ್ಕೊಳ್ಳಲಿ ಅಂತನ ಅಲ್ಲೇನೋ ಕೂಸಿನ ತಲಿ ಕೊಯ್ಸಿದ್ದು?"

ಅದು ಜಗಳದ ದನಿಯಲ್ಲ. ಅವಳಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ನಾನು ಡಾಕ್ಟರು, ಗೊಂದಲ, ಮಗುವಿನ ಭವಿಷ್ಯ ಎಂದು ಏನೇನೋ ಹೇಳಿದೆ. ಅವಳು "ಆತು" ಎಂದು ಮತ್ತೆ ಬೇಳೆ ಕೇರಲು ಶುರುಮಾಡಿದಳು.

ಮಾತಿಗೆ ತಪ್ಪುವವಳಲ್ಲ ನನ್ನ ಅವ್ವ. ಮಗಳು ಎಚ್ಚರವಿದ್ದಷ್ಟು ಹೊತ್ತೂ ಅವಳ ಬಾಯಿಂದ ಕನ್ನಡ ಹೊರಡಲಿಲ್ಲ. ತೆಲುಗಿನಲ್ಲಿ ಬಾ, ಕೂತುಕೋ, ಅನ್ನ ತಿನ್ನು, ಬೀಳುತ್ತೀಯ ಜೋಕೆ, ಇಷ್ಟು ಹೇಳುತ್ತಿದ್ದಳು. ಅದನ್ನೂ ಹೆಂಡತಿ ಒಂದೊಂದು ಸಲ ತಿದ್ದುತ್ತಿದ್ದಳು. ಮಗು ತಪ್ಪು ಕಲಿಯಬಾರದಲ್ಲ. ಬರಬರುತ್ತ ಅವ್ವ ಅದನ್ನೂ ಕಡಿಮೆ ಮಾಡಿದಳು. ಮಕ್ತಲಿನಲ್ಲಿರುವ ನನ್ನ ಅಕ್ಕ ಫೋನು ಮಾಡಿದರೆ ಗೇಟಿನ ಹೊರಗೆ ಹೋಗಿ ರಸ್ತೆಯ ಮೇಲೆ ನಿಂತು ಮಾತಾಡಿ ಬರುತ್ತಿದ್ದಳು. ಸಂಜೆ ನಾನು ಕಾಲೇಜಿನಿಂದ ಬಂದರೆ ಚಹಾದ ಲೋಟ ಮುಂದಿಡುತ್ತಿದ್ದಳು, ಒಂದು ಮಾತಿಲ್ಲ. ಮಗಳು ಮಲಗಿದ ಮೇಲಾದರೂ ಮಾತಾಡಬಹುದಿತ್ತು. ಅಷ್ಟು ಹೊತ್ತಿಗೆ ಅವಳಿಗೂ ನಿದ್ದೆ ಬಂದಿರುತ್ತಿತ್ತು, ಅಥವಾ ಬಂದಂತೆ ಮಲಗಿರುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಸೀರೆಗಳನ್ನೂ ವಿಭೂತಿಯ ಡಬ್ಬಿಯನ್ನೂ ಚೀಲಕ್ಕೆ ತುಂಬಿಕೊಂಡು, "ಮಕ್ತಲಕ್ಕ ಬಿಟ್ಟು ಬಾ," ಎಂದಳು. ಎಷ್ಟು ದಿನಕ್ಕೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಜೂರಾಲ ಅಣೆಕಟ್ಟು ದಾಟಿ ಮಕ್ತಲ್ ಮುಟ್ಟುವವರೆಗೆ ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವು, ಮಗಳು ಇರಲಿಲ್ಲ. ಆದರೂ ಅವಳು ಮಾತಾಡಲಿಲ್ಲ.

ನಾಲ್ಕು ದಿನ ಬಿಟ್ಟು ಅಕ್ಕ ಫೋನು ಮಾಡಿದಳು. "ಏನ್ ಮಾಡಿದ್ರೋ ಆಕಿಗೆ ನೀವು? ಬಂದಾಗಿಂದ ಒಂದ ಸಮ ಮಾತಾಡಾಕತ್ಯಾಳ. ಹಾಲಿನಾಂವ ಬಂದ್ರೂ ಬಿಡವಲ್ಲಳು, ಎಮ್ಮಿ ಬಂದ್ರೂ ಬಿಡವಲ್ಲಳು." ಅಕ್ಕ ನಗುತ್ತಿದ್ದಳು. ನಾನು ಫೋನಿಟ್ಟು ತರಗತಿಗೆ ಹೋದೆ.

ಮಗಳು ಮಾತು ಕಲಿತಳು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಲಿತಳು. ಏಳನೆಯ ವರ್ಷಕ್ಕೆ ತೆಲುಗಿನಲ್ಲಿ ಕಥೆ ಓದುತ್ತಿದ್ದಳು. ಆದರೆ ಅವಳ ದನಿಗೆ ಏರಿಳಿತ ಇಲ್ಲ. ಕೇಳಿದರೂ ಹೇಳಿದರೂ ಬೇಡಿದರೂ ಒಂದೇ ಮಟ್ಟ. ತಾನು ಕೇಳದ ರಾಗವನ್ನು ಅವಳು ಎಲ್ಲಿಂದ ತರಬೇಕು? ಶಾಲೆಯ ಟೀಚರೊಬ್ಬರು ನಮ್ಮನ್ನು ಕರೆಸಿ, ಹುಡುಗಿ ಎದುರುತ್ತರ ಕೊಡುತ್ತಾಳೆ, ಸೊಕ್ಕು ಜಾಸ್ತಿ ಎಂದರು. ನಾನು ಅವರಿಗೆ ಹೊರಗೆರೆ, ಆವೃತ್ತಿ ಎಲ್ಲ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲ ಸರಿ ಸಾರ್, ಸ್ವಲ್ಪ ವಿನಯ ಕಲಿಸಿ," ಎಂದರು.

ಹೋದ ವರ್ಷ, ಮಗಳಿಗೆ ಹತ್ತು ತುಂಬಿದ ಮೇಲೆ, ಯಂತ್ರದ ಹೊರಗಿನ ತಂತಿ ತುಂಡಾಯಿತು. ಹೈದರಾಬಾದಿನಿಂದ ಹೊಸದು ಬರಲು ದಿನ ಹಿಡಿಯುತ್ತದೆ ಎಂದಾಗ, ರಾಯಚೂರಿನಲ್ಲಿ ಒಬ್ಬರ ಹತ್ತಿರ ಸಿಗುತ್ತದೆ ಎಂದು ಯಾರೋ ಹೇಳಿದರು. ಮೂವರೂ ಬೆಳಗಿನ ರೈಲಿಗೆ ಹೋದೆವು. ಅಲ್ಲಿದ್ದವರು ಕಿವಿ ಪರೀಕ್ಷಿಸಿ ಮಕ್ಕಳಿಗೆ ಮಾತು ಕಲಿಸುವ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಹೊಸ ತಂತಿ ಜೋಡಿಸಿ, ಯಂತ್ರವನ್ನು ಕಿವಿಗೆ ಸರಿಯಾಗಿ ಕೂರಿಸುತ್ತ ಮಗಳನ್ನು ಮಾತಾಡಿಸಿದರು.

"ಏನವ್ವಾ, ಎಷ್ಟನೇತ್ತ ಓದಾಕತ್ತೀ?"

ಮಗಳು ನನ್ನ ಮುಖ ನೋಡಿದಳು. "ಆಕಿಗೆ ಕನ್ನಡ ಬರಂಗಿಲ್ರೀ," ಎಂದೆ.

"ನೀವು ಇಷ್ಟು ಛಲೋ ಮಾತಾಡತೀರಿ. ಮನ್ಯಾಗ ಯಾರೂ ಮಾತಾಡಂಗಿಲ್ಲೇನ್ರಿ?"

"ನಮ್ಮವ್ವ ಮಾತಾಡತಿದ್ಲು. ಒಂದ ಭಾಷಾ ಇರಬೇಕು ಅಂದ್ರಲ್ರೀ, ಅದಕ್ಕ ನಿಲ್ಲಿಸಿದ್ವಿ."

ಅವರ ಕೈ ತಂತಿಯ ಮೇಲೆ ನಿಂತಿತು. "ಮದ್ಲ ಹಂಗ ಹೇಳತಿದ್ರು, ಖರೆ ಐತ್ರಿ. ಅದು ಬರೀ ಅಂಜಿಕಿ ಮಾತು. ನನ್ನ ಹತ್ರ ಬರೋ ಮಕ್ಳು ಮನ್ಯಾಗ ಉರ್ದು, ಶಾಲ್ಯಾಗ ಕನ್ನಡ ಮಾತಾಡತಾವ. ಆಯಿ ಒಬ್ಬಾಕಿ ದಿನಾ ಕನ್ನಡದಾಗ ಮಾತಾಡಿದ್ರ ಈ ಕೂಸಿಗೆ ಮಾತು ಹೆಚ್ಚ ಆಗತಿತ್ತು, ಕಡಿಮಿ ಆಗತಿರಲಿಲ್ರೀ."

ಅವರು ಮೆಲ್ಲಗೆ, ನೋಯಿಸಬಾರದೆಂದೇ ಹೇಳಿದ್ದರು. ಹೆಂಡತಿಗೆ ಕನ್ನಡ ಅರ್ಥವಾಗುತ್ತದೆ. ಸ್ಟೇಷನ್ನಿಗೆ ನಡೆಯುವಾಗ ಅವಳು, "ಅವತ್ತು ನೀವು ಕೇಳಬೇಕಿತ್ತು. ಓದಿದವರು ನೀವು," ಎಂದಳು. ನೀನೂ ಸುಮ್ಮನಿದ್ದೆಯಲ್ಲ, ನಿನಗೆ ಒಳಗೊಳಗೆ ಬೇಕಾಗಿಯೇ ಇತ್ತಲ್ಲ ಎಂದು ನಾನು ಅನ್ನಬಹುದಿತ್ತು. ಅಂದೆ ಕೂಡ. ನಡುವೆ ಮಗಳು ಇಬ್ಬರ ತುಟಿಗಳನ್ನೂ ನೋಡುತ್ತ ನಡೆಯುತ್ತಿದ್ದಳು.

ಮರುದಿನ ಮಕ್ತಲಿಗೆ ಹೋದೆ. ಅವ್ವ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ಅವ್ವಾ, ಡಾಕ್ಟರು ಹೇಳ್ಯಾರ. ನೀ ಆಕಿ ಜೋಡಿ ಕನ್ನಡದಾಗ ಮಾತಾಡಬಹುದಂತ."

"ಮಾತಾಡಬಹುದಂತ?" ಅವಳು ತಲೆ ಎತ್ತಲಿಲ್ಲ. "ಯಾರ ಹುಕುಂ ಇದು?"

"ಮದ್ಲ ಹೇಳಿದ್ದು ತಪ್ಪಂತ ಅವ್ವಾ."

"ಬ್ಯಾಡ ಅಂದಾಂವನೂ ನೀನ. ಈಗ ಮಾತಾಡು ಅನ್ನಾಂವನೂ ನೀನ. ನನ್ನ ಬಾಯಿ ಏನ್ ನಿನ್ನ ಕಾಲೇಜಿನ ಸ್ವಿಚ್ ಏನೋ?"

ಅಕ್ಕ ಒಳಗಿನಿಂದ ಬಂದು ಸಮಾಧಾನ ಹೇಳಿದಳು. ಅಕ್ಕನಿಗಾಗಿ ಅವ್ವ ಒಂದು ವಾರಕ್ಕೆಂದು ಗದ್ವಾಲಿಗೆ ಬಂದಳು. ಹೆಂಡತಿ ಅವಳ ಕಾಲು ಮುಟ್ಟಿ ಚೀಲ ತೆಗೆದುಕೊಂಡಳು. ಇಬ್ಬರೂ ಒಬ್ಬರೊಡನೊಬ್ಬರು ಹದವಾಗಿಯೇ ನಡೆದುಕೊಂಡರು. ಎರಡು ದಿನ ಅವ್ವ ಬಾಯಿ ಬಿಡಲಿಲ್ಲ. ಮೂರನೆಯ ದಿನ ಮಗಳ ತಲೆ ಬಾಚುವಾಗ ತಾನಾಗಿಯೇ ಶುರುವಾಯಿತು. ಕೂದಲು ಎಷ್ಟು ಸಿಕ್ಕಾಗಿದೆ, ಎಣ್ಣೆ ಹಚ್ಚುವುದಿಲ್ಲವೇ, ನಿನ್ನಪ್ಪನಿಗೂ ಹೀಗೇ ಗುಂಗುರು ಇತ್ತು, ಅಂಗಡಿಗೆ ಬಂದವರೆಲ್ಲ ಹೆಣ್ಣುಮಗು ಎನ್ನುತ್ತಿದ್ದರು ಎಂದೆಲ್ಲ ಹೇಳುತ್ತ ಹೋದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ತೆರೆದ ಬಾಗಿಲಿನಿಂದ ನೋಡುತ್ತಿದ್ದೆ.

ಮಗಳು ತಿರುಗಿ ಅವಳ ಬಾಯನ್ನೇ ನೋಡಿದಳು. ಹುಬ್ಬು ಗಂಟಿಕ್ಕಿತು. ಒಂದೇ ಮಟ್ಟದ ಆ ದನಿಯಲ್ಲಿ, "ನಾನಮ್ಮಾ, ಸರಿಗಾ ಮಾಟ್ಲಾಡು," ಎಂದಳು. ಅಜ್ಜೀ, ಸರಿಯಾಗಿ ಮಾತಾಡು. ಅದರಲ್ಲಿ ಸೊಕ್ಕು ಇರಲಿಲ್ಲ, ಸಿಟ್ಟು ಇರಲಿಲ್ಲ. ಆದರೆ ಅವಳ ದನಿಯಿಂದ ಅದನ್ನು ತಿಳಿಯಲು ಯಾರಿಗೂ ಸಾಧ್ಯವಿರಲಿಲ್ಲ.

ಬಾಚಣಿಗೆ ನಿಂತಿತು. ನಾನು ಬಾಗಿಲಿಗೆ ಬಂದೆ.

"ಏನಂತಾಳ?" ಅವ್ವ ನನ್ನನ್ನು ಕೇಳಿದಳು.

"ನಿಧಾನಕ ಮಾತಾಡಬೇಕಂತ ಅವ್ವಾ. ತಿಳೀತಿಲ್ಲಂತ."

"ಸುಳ್ಳ ಯಾಕ ಹೇಳತಿ? ನನಗ ಅಷ್ಟು ತೆಲುಗು ಬರತೈತಿ."

ಜಡೆ ಹೆಣೆದು ರಿಬ್ಬನ್ ಕಟ್ಟಿ ಮಗಳ ಬೆನ್ನು ತಟ್ಟಿ ಕಳಿಸಿದಳು. ಮರುದಿನ ಬೆಳಿಗ್ಗೆ ಮಕ್ತಲಿಗೆ ಹೊರಟಳು. ಬಿಟ್ಟು ಬರುತ್ತೇನೆ ಎಂದರೆ ಒಪ್ಪಲಿಲ್ಲ.

ಈಗ ಭಾನುವಾರಗಳಂದು ಅಕ್ಕ ವಿಡಿಯೋ ಕಾಲ್ ಮಾಡಿ ಅವ್ವನ ಕೈಗೆ ಕೊಡುತ್ತಾಳೆ. ಅನ್ನ ತಿಂದೆಯಾ ಎಂದು ಅವ್ವ ತೆಲುಗಿನಲ್ಲಿ ಕೇಳುತ್ತಾಳೆ. ತಿಂದೆ, ನೀನು ಎನ್ನುತ್ತಾಳೆ ಮಗಳು. ತಿಂದೆ ಎನ್ನುತ್ತಾಳೆ ಅವ್ವ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ. ಮಗಳು ಫೋನನ್ನು ನನಗೆ ಕೊಟ್ಟು ಆಡಲು ಹೋಗುತ್ತಾಳೆ. ನಾನು "ಅವ್ವಾ" ಎನ್ನುವಷ್ಟರಲ್ಲಿ ಆ ಕಡೆಯಿಂದ ಫೋನು ಅಕ್ಕನ ಕೈಗೆ ಹೋಗಿರುತ್ತದೆ.